ಬೆಳಿಗ್ಗೆ ಅರ್ಜಿದಾರ, ಮಧ್ಯಾಹ್ನ ಪ್ರತಿವಾದಿ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ, ಪಕ್ಕದ ಮನೆಯ ಅಡುಗೆಕೋಣೆ ಈಗ ಎರಡು ವಾರದಿಂದ ಹೈಕೋರ್ಟ್ ಆಗಿದೆ. ಕುಕ್ಕರ್ ಎರಡನೇ ಸೀಟಿ ಹೊಡೆಯುವ ಹೊತ್ತಿಗೆ ಆ ಮನೆಯ ಹುಡುಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತು ವಾದ ಶುರುಮಾಡುತ್ತಾಳೆ. ಮೂರನೇ ವರ್ಷದ ಕಾನೂನು ವಿದ್ಯಾರ್ಥಿನಿ, ಮೂಟ್ ಕೋರ್ಟ್ ಎಂಬ ಕಲ್ಪಿತ ಮೊಕದ್ದಮೆಯ ವಾದಸ್ಪರ್ಧೆಗೆ ತಯಾರಿ ನಡೆಸಿದ್ದಾಳೆ. ನ್ಯಾಯಪೀಠದಲ್ಲಿ ಕೂತವರು ಕುಂದಾಪುರದಿಂದ ಬಂದಿರುವ ಅವಳ ಅಮ್ಮಮ್ಮ. ಅವರ ಮಡಿಲಲ್ಲಿ ಹಳೇ ಮದುವೆ ಕಾಗದಗಳ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆದ ಮೂರು ಕಾರ್ಡು: '5 ನಿಮಿಷ', '2 ನಿಮಿಷ', 'ಆಯ್ತು'. ಇಂಗ್ಲಿಷಿನ ವಾದ ಅವರಿಗೆ ಅರ್ಥವಾಗುವುದಿಲ್ಲ, ಆದರೆ ಗಡಿಯಾರದ ಮೇಲಿನ ಕಣ್ಣು ಕದಲುವುದಿಲ್ಲ.

ಮೊನ್ನೆ ಅವರಿಗೆ ಒಂದು ಅನುಮಾನ ಬಂತು. "ನೀ ಯಾರ ಬದಿಗೆ ಹೆಣೆ? ನಿನ್ನೆ ಸರ್ಕಾರದ್ದೇ ತಪ್ಪು ಅಂದೆ, ಇವತ್ತು ಸರ್ಕಾರದ್ದೇ ಸಮ ಅಂದೆ."

"ಎರಡೂ ಬದಿಗೆ ಅಮ್ಮಮ್ಮ. ಬೆಳಿಗ್ಗೆ ಅರ್ಜಿದಾರರ ಪರ, ಮಧ್ಯಾಹ್ನ ಪ್ರತಿವಾದಿ ಪರ."

"ಹಾಂಗಾರೆ ತಾಳಮದ್ದಳೆಯೇ ಇದು," ಎಂದರು ಅಮ್ಮಮ್ಮ. "ಇವತ್ತು ವಾಲಿ, ನಾಳೆ ರಾಮ."

ಇಪ್ಪತ್ತು ವರ್ಷಗಳಿಂದ ವಕೀಲಿ ಮಾಡುತ್ತಿರುವ ನಾನು ಮೂಟ್ ಕೋರ್ಟಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಿಲ್ಲ. ಪತ್ರಿಕೆಗಳು ಇದನ್ನು 'ಅಣಕು ನ್ಯಾಯಾಲಯ' ಎಂದು ಬರೆಯುತ್ತವೆ. ಆ 'ಅಣಕು' ನನಗೆ ಒಪ್ಪಿಗೆಯಿಲ್ಲ, ಇದರಲ್ಲಿ ಯಾರನ್ನೂ ಅಣಕಿಸುವುದಿಲ್ಲ. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ ತಾಳಮದ್ದಳೆ. ಅದರ ವಾಲಿವಧೆ ಪ್ರಸಂಗದಲ್ಲಿ ಬಾಣ ನಾಟಿ ಬಿದ್ದ ವಾಲಿ 'ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ' ಎಂದು ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ಕಥೆ ಎಲ್ಲರಿಗೂ ಗೊತ್ತು, ತೀರ್ಪೂ ಮೊದಲೇ ಆಗಿಹೋಗಿದೆ. ಆದರೂ ಮಾಟುಂಗದ ಸಭಾಂಗಣದಲ್ಲಿ ಜನ ನಡುರಾತ್ರಿವರೆಗೆ ಕೂರುವುದು ವಾದದ ಕಸುವು ನೋಡುವುದಕ್ಕೆ. ಒಳ್ಳೆಯ ಅರ್ಥಧಾರಿಗೆ ಎರಡೂ ಪಾತ್ರ ಬರಬೇಕು. ಒಳ್ಳೆಯ ಮೂಟರ್‌ಗೂ ಅಷ್ಟೇ.

ಸ್ಪರ್ಧೆ ನಡೆಯುವ ಬಗೆ ಹೀಗೆ. ಆಯೋಜಿಸುವ ಕಾಲೇಜು ಒಂದು ಕಲ್ಪಿತ ಪ್ರಕರಣವನ್ನು ಬಿಡುಗಡೆ ಮಾಡುತ್ತದೆ, ಅದಕ್ಕೆ ಮೂಟ್ ಪ್ರೊಪೊಸಿಷನ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ತಂಡದಲ್ಲಿ ಮೂವರು: ಇಬ್ಬರು ಸ್ಪೀಕರ್, ಒಬ್ಬರು ರಿಸರ್ಚರ್. ಎರಡೂ ಕಡೆಗೆ ಲಿಖಿತ ವಾದ ಸಿದ್ಧಪಡಿಸಬೇಕು, ಅದು ಮೆಮೋರಿಯಲ್. ಅರ್ಜಿದಾರರದ್ದಕ್ಕೆ ನೀಲಿ ರಟ್ಟು, ಪ್ರತಿವಾದಿಯದ್ದಕ್ಕೆ ಕೆಂಪು. ಆಮೇಲೆ ಪೀಠದ ಮುಂದೆ ಮೌಖಿಕ ವಾದ. ನ್ಯಾಯಾಧೀಶರ ಸ್ಥಾನದಲ್ಲಿ ಕೂತ ವಕೀಲರು ಎರಡನೇ ವಾಕ್ಯಕ್ಕೇ ಅಡ್ಡ ಪ್ರಶ್ನೆ ಹಾಕುತ್ತಾರೆ. ಬಾಯಿಪಾಠ ಮಾಡಿಕೊಂಡು ಬಂದವರ ಗಂಟಲು ಅಲ್ಲೇ ಕಟ್ಟುತ್ತದೆ. ಪ್ರಶ್ನೆಗೆ ಉತ್ತರಿಸಿ, ಬಿಟ್ಟ ಜಾಗಕ್ಕೆ ವಾಪಸು ಬರುವುದೇ ಇಲ್ಲಿನ ನಿಜವಾದ ವಿದ್ಯೆ.

ಈ ವಿದ್ಯೆ ಹುಟ್ಟಿದ್ದು ಊಟದ ಮನೆಯಲ್ಲಿ. 'ಮೂಟ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಭೆ, ಕೂಟ. ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಲಂಡನ್ನಿನ ನಾಲ್ಕು ಸಂಸ್ಥೆಗಳಾದ ಇನ್ಸ್ ಆಫ್ ಕೋರ್ಟ್‌ಗಳಲ್ಲಿ ಕಾನೂನು ಕಲಿಯುವವರು ರಾತ್ರಿ ಊಟವಾದ ಮೇಲೆ ಅದೇ ಹಾಲ್‌ನಲ್ಲಿ ಹಿರಿಯರ ಮುಂದೆ ಕಲ್ಪಿತ ಮೊಕದ್ದಮೆ ವಾದಿಸುತ್ತಿದ್ದರು. ಪಠ್ಯಪುಸ್ತಕ ವಿರಳವಾಗಿದ್ದ ಕಾಲ, ಕೇಳಿ ಕಲಿಯಬೇಕು, ಎದ್ದು ನಿಂತು ಹೇಳಿ ಕಲಿಯಬೇಕು. 'ಬಾರ್‌ಗೆ ಕರೆಯುವುದು' ಎಂದು ವಕೀಲನಾಗಿ ಸೇರಿಸಿಕೊಳ್ಳುವುದಕ್ಕೆ ಹೇಳುವ ಮಾತಿನ ಮೂಲವೂ ಆ ಅಭ್ಯಾಸದಲ್ಲೇ ಇದೆ. 1640ರ ದಶಕದ ಅಂತರ್ಯುದ್ಧದಲ್ಲಿ ಈ ಪದ್ಧತಿ ಮುರಿದುಬಿತ್ತು. ಆಮೇಲೆ ವಾದ ಹೋಯಿತು, ಊಟ ಮಾತ್ರ ಉಳಿಯಿತು.

ಹಾಗೆ ಉಳಿದ ಊಟದ ಪರಿಣಾಮ ಕಂಡದ್ದು ನಮ್ಮ ಮುಂಬಯಿಯಲ್ಲಿ. 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಆಗಲು ಮಾಡಬೇಕಾದದ್ದು ಎರಡು: ಪರೀಕ್ಷೆ ಪಾಸು ಮಾಡುವುದು, ಹನ್ನೆರಡು ಅವಧಿಗಳ ಹಾಜರಿ ತುಂಬುವುದು. ಹಾಜರಿ ಎಂದರೆ ಒಂದೊಂದು ಅವಧಿಯಲ್ಲೂ ಕನಿಷ್ಠ 6 ಭೋಜನಕೂಟಗಳಲ್ಲಿ ಕೂರುವುದು. 1891ರಲ್ಲಿ ಸನ್ನದು ಸಿಕ್ಕಿತು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು, ಮಮಿಬಾಯಿ ಎಂಬವರದ್ದು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರು, ತಲೆ ಸುತ್ತಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಫೀಸು ಹಿಂದಿರುಗಿಸಿ, ಕೇಸನ್ನು ಬೇರೆಯವರಿಗೆ ಕೊಡಿ ಎಂದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಸಂಕೋಚ ಅವರ ಸ್ವಭಾವದಲ್ಲೇ ಇತ್ತು, ನಿಜ. ಆದರೆ ಮೂರು ವರ್ಷದಲ್ಲಿ ಒಂದು ಸಲವಾದರೂ ಎದ್ದು ನಿಲ್ಲಿಸಿ ಮಾತಾಡಿಸದ ಶಿಕ್ಷಣದ ಪಾಲು ಇದರಲ್ಲಿ ಚಿಕ್ಕದಲ್ಲ ಎಂದೇ ನನ್ನ ಎಣಿಕೆ.

ಆ ಹೊತ್ತಿಗೆ ಮುಂಬಯಿಯಲ್ಲೇ ಕಾನೂನು ಕಲಿಸಲು ಶುರುವಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಆಗಿತ್ತು. ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜಿನ ಹುಟ್ಟು 1855ರದ್ದು, ಬಾಂಬೆ ಹೈಕೋರ್ಟ್ ಸ್ಥಾಪನೆಗಿಂತ ಏಳು ವರ್ಷ ಮೊದಲು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕನ್ನಡಿಗರಿಗೆ ಆಗ ಮೇಲ್ಮನವಿಯ ಕೋರ್ಟೂ ಮುಂಬಯಿ, ವಕೀಲಿ ಪರೀಕ್ಷೆಯ ಊರೂ ಮುಂಬಯಿ. ಆಲೂರು ವೆಂಕಟರಾಯರು ಎಲ್‌ಎಲ್‌ಬಿ ಮಾಡಿದ್ದು ಇಲ್ಲೇ. ಪುಣೆಯಲ್ಲಿ 1924ರಲ್ಲಿ ಇಂಡಿಯನ್ ಲಾ ಸೊಸೈಟಿಯ ಕಾಲೇಜು ತೆರೆಯಿತು. ಎಸ್. ನಿಜಲಿಂಗಪ್ಪನವರು 1926ರಲ್ಲಿ ಕಾನೂನು ಪದವಿ ಪಡೆದದ್ದು ಅಲ್ಲಿ. ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆಗಿ ಬಂದ ಅಂಬೇಡ್ಕರ್ 1935ರಲ್ಲಿ ಗವರ್ನಮೆಂಟ್ ಲಾ ಕಾಲೇಜಿನ ಪ್ರಾಂಶುಪಾಲರಾದರು. ಅವರು ಕಟ್ಟಿದ ಪೀಪಲ್ಸ್ ಎಜುಕೇಷನ್ ಸೊಸೈಟಿ 1956ರಲ್ಲಿ ಫೋರ್ಟ್‌ನಲ್ಲಿ ಸಿದ್ಧಾರ್ಥ ಲಾ ಕಾಲೇಜು ತೆರೆಯಿತು.

ಮುಂಬಯಿ ಕನ್ನಡಿಗರ ಪಾಲಿಗೆ ಕಾನೂನು ಎಂದರೆ ದುಡಿಯುತ್ತಾ ಓದುವ ವಿದ್ಯೆ. ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿ, ಮೊಗವೀರ ರಾತ್ರಿ ಶಾಲೆಯಂಥ ಕಡೆ ಮೆಟ್ರಿಕ್ ಮುಗಿಸಿ, ಬ್ಯಾಂಕಿನಲ್ಲೋ ಮಿಲ್ಲಿನಲ್ಲೋ ಗುಮಾಸ್ತರಾಗಿ, ಬೆಳಿಗ್ಗೆಯೋ ಸಂಜೆಯೋ ಲಾ ಕ್ಲಾಸಿಗೆ ಕೂತು ಕರಿಕೋಟು ಹಾಕಿದವರು ಎಷ್ಟೋ ಜನ. ನಾನು ಆ ಸಾಲಿನ ಕೊನೆಯವರಲ್ಲಿ ಒಬ್ಬ.

ಇನ್ನು ಸ್ಪರ್ಧೆಯ ಕಥೆ. 1960ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ, ಕ್ಯೂಬಾದ ಭೂಸುಧಾರಣೆ ಕುರಿತ ಒಂದು ಕಲ್ಪಿತ ವ್ಯಾಜ್ಯ ಇಟ್ಟುಕೊಂಡು ಜೆಸಪ್ ಸ್ಪರ್ಧೆ ಆರಂಭವಾಯಿತು. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಫಿಲಿಪ್ ಜೆಸಪ್ ಹೆಸರು ಅದಕ್ಕೆ ನಿಂತಿತು. ನಮ್ಮಲ್ಲಿ ಮೂಟಿಂಗ್ ದೊಡ್ಡದಾಗಿ ಬೆಳೆದದ್ದು 1980ರ ದಶಕದ ಕೊನೆಗೆ, ಬೆಂಗಳೂರಿನ ನಾಗರಭಾವಿಯಲ್ಲಿ ಮಾಧವ ಮೆನನ್ ನ್ಯಾಷನಲ್ ಲಾ ಸ್ಕೂಲ್ ಕಟ್ಟಿ ಐದು ವರ್ಷದ ಪದವಿ ಆರಂಭಿಸಿದ ಮೇಲೆ. ಹಗಲು ರಾತ್ರಿ ಕ್ಯಾಂಪಸ್ಸಿನಲ್ಲೇ ಇರುವ ಮಕ್ಕಳು, ತಡರಾತ್ರಿವರೆಗೆ ತೆರೆದ ಗ್ರಂಥಾಲಯ. ಅವರು 1999ರಲ್ಲಿ ಜೆಸಪ್ ವಿಶ್ವಕಪ್ ಗೆದ್ದರು, 2013ರಲ್ಲಿ ಮತ್ತೊಮ್ಮೆ. ಮುಂಬಯಿಯಲ್ಲಿ ಗವರ್ನಮೆಂಟ್ ಲಾ ಕಾಲೇಜಿನ ಡಿ.ಎಂ. ಹರೀಶ್ ಸ್ಮಾರಕ ಸ್ಪರ್ಧೆ ಹೊರದೇಶದ ತಂಡಗಳನ್ನೂ ಬರಮಾಡಿಕೊಳ್ಳುವಷ್ಟು ಬೆಳೆಯಿತು. 2014ರ ಕಾಯ್ದೆಯಿಂದ ಮಹಾರಾಷ್ಟ್ರಕ್ಕೂ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಬಂದವು, ಮುಂಬಯಿಯದ್ದು ಪವಾಯಿಯಲ್ಲಿದೆ.

ಇದರ ಜೊತೆಜೊತೆಗೆ ಬೇರೊಂದು ಧಾರೆ ಹರಿಯಿತು, ಸದ್ದಿಲ್ಲದೆ. 1997ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸುತ್ತೋಲೆ ಹೊರಡಿಸಿ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. 2008ರ ಕಾನೂನು ಶಿಕ್ಷಣ ನಿಯಮಗಳಲ್ಲೂ ಅದು ಮುಂದುವರಿದಿದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂರು ಮೂಟ್, ಒಂದಕ್ಕೆ 10 ಅಂಕ: ಬರವಣಿಗೆಗೆ 5, ಮೌಖಿಕ ವಾದಕ್ಕೆ 5. ಜೊತೆಗೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ಕೂತು ನೋಡಿ ಬರೆಯಬೇಕು. ಗಮನಿಸಿ, ನಿಯಮ ಹೇಳುವುದು ಪ್ರತಿಯೊಬ್ಬರಿಗೂ ಎಂದು. ಆಯ್ಕೆಯಾದ ಮೂವರಿಗೆ ಎಂದಲ್ಲ.

ನಾನು ಓದಿದ ಕಾಲೇಜಿನಲ್ಲಿ ಆ ಮೂರು ಮೂಟ್‌ಗಳು ನಡೆದದ್ದು ಜರ್ನಲ್‌ನಲ್ಲಿ ಮಾತ್ರ. ಹಿಂದಿನ ವರ್ಷದವರ ಜರ್ನಲ್ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ನೋಡಿ ಬರೆದೆವು, ಸಹಿ ಬಿತ್ತು, ಅಂಕ ಬಂತು. ಒಂದು ದಿನವೂ ಯಾರೂ ನನ್ನನ್ನು ಎಬ್ಬಿಸಿ 'ಹೇಳು, ನಿನ್ನ ಕಕ್ಷಿದಾರನ ಪರ ಏನು ಹೇಳುತ್ತೀ' ಎನ್ನಲಿಲ್ಲ. ಸನ್ನದು ಬಂದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜಾಮೀನು ಅರ್ಜಿಗೆ ಮೊದಲ ಸಲ ಎದ್ದಾಗ ನನ್ನ ಕೈಯ ಕಾಗದ ನಡುಗಿದ ಸದ್ದು ನನಗೇ ಕೇಳಿಸಿತು. ಹಿಂದೆ ಕಟಕಟೆಯಲ್ಲಿ ನಿಂತವನು ಹತ್ತೊಂಬತ್ತರ ಹುಡುಗ. ನನ್ನ ಕಲಿಕೆ ಅವನ ಖರ್ಚಿನಲ್ಲಿ ಆಗುತ್ತಿತ್ತು. ಅದನ್ನು ನಾನು ಮರೆತಿಲ್ಲ.

ಅದೇ 2008ರ ನಿಯಮಗಳು ಇನ್ನೊಂದು ಕೆಲಸ ಮಾಡಿದವು. ವಸತಿ ಕಾಲೇಜುಗಳಲ್ಲದ ಕಡೆ ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು ಎಂದವು. ಶಿಕ್ಷಣದ ಗುಣಮಟ್ಟಕ್ಕಾಗಿ ಮಾಡಿದ್ದು, ಉದ್ದೇಶ ಸರಿಯೇ. ಆದರೆ ಸಂಜೆ 7ಕ್ಕೆ ಕೆಲಸದಿಂದ ಬಿಡುವಾಗುವವನಿಗೆ ಬಾಗಿಲು ಕಿರಿದಾಯಿತು. ಮೂಟ್ ತಂಡಗಳ ಮಾತಂತೂ ದೂರ. ಎರಡು ತಿಂಗಳು ರಾತ್ರಿ ಹಗಲು ಮೆಮೋರಿಯಲ್ ಬರೆಯಲು ಬಿಡುವಿರಬೇಕು, ನೋಂದಣಿ ಶುಲ್ಕ ಕಟ್ಟಬೇಕು, ರೈಲು ಟಿಕೆಟ್ಟು ತೆಗೆಯಬೇಕು, ವಿಯೆನ್ನಾ ವಾಷಿಂಗ್ಟನ್ ಎಂದರೆ ವೀಸಾ ಬೇರೆ. 2020ರ ಲಾಕ್‌ಡೌನಿನಲ್ಲಿ ಸ್ಪರ್ಧೆಗಳು ಪರದೆಗೆ ಬಂದಾಗ ಪ್ರಯಾಣದ ಖರ್ಚಾದರೂ ಉಳಿದಿತ್ತು.

ಭಾಷೆಯದ್ದು ಇದಕ್ಕಿಂತ ಆಳದ ತೊಡಕು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳ ಭಾಷೆ ಇಂಗ್ಲಿಷ್. ಮೂಟ್‌ಗಳು ಬಹುಪಾಲು ಆ ಎತ್ತರದ ಕೋರ್ಟುಗಳದ್ದೇ ಪ್ರತಿರೂಪ. ಆದರೆ ಮಹಾರಾಷ್ಟ್ರದ ಕೆಳಗಿನ ಕೋರ್ಟುಗಳಿಗೆ 1998ರಿಂದ ಮರಾಠಿಯೇ ಅಧಿಕೃತ ಭಾಷೆ. ಅಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡುವ ವಿದ್ಯೆಗೆ ಮೂಟ್‌ನಲ್ಲಿ ಜಾಗ ಕಡಿಮೆ. ಕನ್ನಡ ಶಾಲೆಯಲ್ಲಿ ಓದಿ, ಬೀದಿಯಲ್ಲಿ ಮರಾಠಿ ಕಲಿತು, ಇಂಗ್ಲಿಷಿನಲ್ಲಿ ಕಾನೂನು ಓದುವ ನಮ್ಮ ಮಕ್ಕಳು ತಂಡದ ಆಯ್ಕೆಯಲ್ಲಿ ಉಚ್ಚಾರಣೆಗೇ ಹಿಂದೆ ಬೀಳುತ್ತಾರೆ. ಕಳೆದ ವರ್ಷ ಒಂದು ಕಾಲೇಜಿನ ಆಯ್ಕೆಗೆ ಪೀಠದಲ್ಲಿ ಕೂತಿದ್ದೆ. ಒಬ್ಬ ಹುಡುಗ ಅಡ್ಡಪ್ರಶ್ನೆಗೆ ನೇರ ತೀರ್ಪಿನ ಪುಟ ತೆರೆದು ಉತ್ತರ ಕೊಟ್ಟ. ಇಂಗ್ಲಿಷ್ ತಡವರಿಸುತ್ತಿತ್ತು, ತರ್ಕ ತಡವರಿಸಲಿಲ್ಲ. ಪಕ್ಕದವರು ಅವನಿಗೆ ಹಾಕಿದ ಅಂಕ ನೋಡಿ ನಾನು ಬಹಳ ಹೊತ್ತು ವಾದಿಸಿದೆ. ಕೊನೆಗೆ ಅವನು ಆಯ್ಕೆಯಾದದ್ದು ರಿಸರ್ಚರ್ ಆಗಿ. ಬರೆಯುವ ಕೆಲಸ ಅವನದ್ದು, ಎದ್ದು ನಿಲ್ಲುವ ಕೆಲಸ ಬೇರೆಯವರದ್ದು.

ಪಕ್ಕದ ಮನೆಯ ಹುಡುಗಿಯ ಈ ಸಲದ ಪ್ರಕರಣ ಸಂವಿಧಾನ ತಿದ್ದುಪಡಿಯದ್ದು. ಹಾಗಾಗಿ ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪು ಬರಲೇಬೇಕು: 13 ನ್ಯಾಯಾಧೀಶರು, 68 ದಿನದ ವಿಚಾರಣೆ, 1973ರ ಏಪ್ರಿಲ್ 24ರಂದು 7-6ರ ತೀರ್ಪು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಅವರ ಪರ ವಾದಿಸಿದ ನಾನಿ ಪಾಲ್ಖಿವಾಲಾ ಮುಂಬಯಿ ಗವರ್ನಮೆಂಟ್ ಲಾ ಕಾಲೇಜಿನಲ್ಲಿ ಕಲಿತವರು. ಎಡನೀರು ಎಂಬ ಹೆಸರು ಕಿವಿಗೆ ಬಿದ್ದದ್ದೇ ಅಮ್ಮಮ್ಮ ಕಾರ್ಡು ಕೆಳಗಿಟ್ಟರು.

"ಎಡನೀರು ಸ್ವಾಮಿಗಳಾ? ಅವರು ಭಾಗವತಿಕೆ ಮಾಡ್ತಿದ್ರು ಮಗಾ!"

ಹುಡುಗಿ ವಾದ ನಿಲ್ಲಿಸಿ ತಿರುಗಿದಳು. ಸಾವಿರ ಸಲ ಬರೆದ ಹೆಸರಿನ ಹಿಂದೆ ಒಬ್ಬ ಯಕ್ಷಗಾನದ ಮನುಷ್ಯ ಇದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷ ಅಜ್ಜಿ ಮೊಮ್ಮಗಳು ಅದನ್ನೇ ಮಾತಾಡಿದರು, ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಲೇ ಇತ್ತು. ಆಮೇಲೆ ಅಮ್ಮಮ್ಮ ಗಡಿಯಾರ ನೋಡಿ, ಕಾರ್ಡುಗಳನ್ನು ಮತ್ತೆ ಜೋಡಿಸಿಕೊಂಡು, "ಹೂಂ, ಈಗ ಸರ್ಕಾರದ ಬದಿ ಹೇಳು," ಎಂದರು.