ಸಂಕ ಮುರಿದದ್ದು ಯಾರ ಪಾಪಕ್ಕೆ?

ಸೊರಬ, ಸಾಗರದ ಕಡೆ ಯಾರಿಗಾದರೂ ಮಂಗನ ಕಾಯಿಲೆ ಬಂತೆಂದರೆ ಜ್ವರದ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿ ಹೊರಡುತ್ತದೆ. ‘ದೇವರ ಬನದಲ್ಲಿ ಮರ ಕಡಿದಿದ್ದನಂತೆ ಮಾರಾಯ್ರೆ’, ‘ಹರಕೆ ಹೇಳ್ಕೊಂಡು ತೀರಿಸಿರ್ಲಿಲ್ವಂತೆ’. ಯಾರಾದರೊಬ್ಬರು ‘ಮಾಡಿದ್ದುಣ್ಣೋ ಮಾರಾಯ’ ಎಂದುಬಿಟ್ಟರೆ ವಿಚಾರಣೆ ಮುಗಿಯಿತು. ರೋಗಿ ಇನ್ನೂ ಆಸ್ಪತ್ರೆಯಲ್ಲಿರುತ್ತಾನೆ, ಊರಿನಲ್ಲಿ ಅವನ ನಡತೆಯ ಮೇಲೆ ತೀರ್ಪು ಬಂದಾಗಿರುತ್ತದೆ.

ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಈ ಕಾಯಿಲೆಯ ವೈರಸ್ಸು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ ಹರಡುತ್ತದೆ ಎನ್ನುವುದು ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ದರಗಿನ (ಒಣಗಿ ಬಿದ್ದ ಎಲೆಗಳ) ಅಡಿಯಿಂದ ಕಾಲಿಗೆ ಹತ್ತುವ, ಎಳ್ಳಿನಷ್ಟೂ ಇಲ್ಲದ ಉಣುಗಿನ ಮರಿಗೆ ಯಾರ ಹರಕೆ ಬಾಕಿ ಎಂಬ ಲೆಕ್ಕವಿಲ್ಲ. ಅದು ಗೊತ್ತಿದ್ದೂ ಕೇಳುತ್ತೇವೆ: ‘ಇಷ್ಟು ಜನ ಬೆಟ್ಟಕ್ಕೆ ಹೋಗ್ತಾರೆ, ಅವನಿಗೇ ಯಾಕೆ?’

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಮಕ್ಕಳಿಗೊಂದು ಕಥೆ ಹೇಳುತ್ತಿದ್ದರು. ಅವರ 1932ರ ಪುಸ್ತಕದಲ್ಲಿದೆ. ಸೇಬು ಕದ್ದು ಓಡುವ ಹುಡುಗ ಕೊಳೆತ ಸಂಕ (ಕಾಲುಸೇತುವೆ) ದಾಟುವಾಗ ಅದು ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೆ ಬೀಳುತ್ತಿದ್ದನೇ? ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು ‘ಇಲ್ಲ’ ಎಂದರು. ಅಡಿಕೆ ದಬ್ಬೆಯ ಸಂಕ ಮಳೆಗೆ ನೆನೆದು ಲಡ್ಡಾಗುವುದನ್ನು ವರ್ಷವೂ ನೋಡುವ ನಮಗೆ ನಗು ಬರಬಹುದು. ಆದರೆ ದೊಡ್ಡವರು ಆ ಮಕ್ಕಳಿಗಿಂತ ಬಹಳ ಮುಂದೆ ಹೋಗಿಲ್ಲ.

1966ರಲ್ಲಿ ಅಮೆರಿಕದಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಪ್ರಕಟಿಸಿದ ಪ್ರಯೋಗ ಅದನ್ನು ತೋರಿಸಿತು. ಪಾಠ ಕಲಿಯುವಾಗ ತಪ್ಪು ಮಾಡಿದ ಯುವತಿಗೆ ವಿದ್ಯುತ್ ಶಾಕ್ ಕೊಡುವ ದೃಶ್ಯವನ್ನು ವಿದ್ಯಾರ್ಥಿನಿಯರು ನೋಡಿದರು. ಶಾಕ್ ಸುಳ್ಳು, ನೋಡುವವರಿಗೆ ಅದು ಗೊತ್ತಿರಲಿಲ್ಲ. ಅವಕಾಶ ಕೊಟ್ಟಾಗ ಹೆಚ್ಚಿನವರು ಶಿಕ್ಷೆ ನಿಲ್ಲಿಸಿದರು. ಹಾಗೆ ನಿಲ್ಲಿಸಿ, ಅವಳಿಗಿನ್ನು ನೋವಿಲ್ಲ ಎಂದು ತಿಳಿದವರು ಅವಳನ್ನು ಅಷ್ಟಾಗಿ ಹಳಿಯಲಿಲ್ಲ. ಶಾಕ್ ಮುಂದುವರಿಯುತ್ತದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಂಡವರು ಮಾತ್ರ ಅವಳನ್ನೇ ಕೀಳಾಗಿ ಕಂಡರು. ನಿರಪರಾಧಿಗೆ ಹೀಗಾಗುವುದಾದರೆ ನಾಳೆ ನನಗೂ ಆಗಬಹುದು. ಆ ದಿಗಿಲನ್ನು ಮನಸ್ಸು ತಾಳದು. ಒಂದೋ ನೋವು ನಿಲ್ಲಬೇಕು, ಇಲ್ಲವೇ ನೊಂದವಳಲ್ಲಿ ದೋಷ ಸಿಗಬೇಕು. ಈ ಹುಡುಕಾಟ ನಮ್ಮ ಅರಿವಿಗೆ ಬಾರದೆ ನಡೆಯುವುದರಿಂದಲೇ ಸಿಕ್ಕ ದೋಷ ನಿಜವೆನಿಸುತ್ತದೆ.

ಅದೇ ಪ್ರಯೋಗದ ಇನ್ನೊಂದು ಭಾಗ ನನ್ನನ್ನು ಇನ್ನೂ ಕಾಡುತ್ತದೆ. ಅದರಲ್ಲಿ ಯುವತಿ ಹೆದರಿ ಹಿಂಜರಿದರೂ, ನೋಡುವ ವಿದ್ಯಾರ್ಥಿನಿಯರಿಗೆ ಪ್ರಯೋಗಕ್ಕೆ ಬಂದದ್ದಕ್ಕೆ ಸಿಗುವ ಅಂಕ ತಪ್ಪದಿರಲೆಂದು ಶಾಕಿಗೆ ಒಪ್ಪುತ್ತಾಳೆ. ಎಲ್ಲಕ್ಕಿಂತ ಕೀಳು ಅಭಿಪ್ರಾಯ ಬಂದದ್ದು ಅವಳ ಮೇಲೆಯೇ. ನಮ್ಮ ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು ತರಲು ಬೆಟ್ಟ ಹತ್ತುವ ಕೂಲಿಯವರ ಬಗ್ಗೆ ನಾವಾಡುವ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾಗಿ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆಯಿಂದ ಸಾವುಗಳಾದ ಮೇಲೂ ಉಣುಗಿನ ಚಿತ್ರ ತೋರಿಸಿದರೆ ಸಾಕು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅಕ್ಕಪಕ್ಕದವರಿಗೆ ಕೈಯಾರೆ ಮಾಡಲು ಏನಾದರೂ ಕೊಡಬೇಕು: ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಬೆಟ್ಟಕ್ಕೆ ಹೊರಟವರ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಸುವುದು, ಮಲಗಿದವನ ಮನೆಗೆ ಸೌದೆ ಹೊತ್ತು ಹಾಕುವುದು.