ಇಮ್ಮರ್ಸಿವ್ ಇನ್‌ಸ್ಟಲೇಷನ್: ಐದು ಪರದೆಗಳ ನಡುವೆ ಒಂದು ಕಥೆ

ಕಲಾ ಗ್ಯಾಲರಿಗಳ ಜಾಹೀರಾತಿನಲ್ಲಿ ಈಗ ‘ಇಮ್ಮರ್ಸಿವ್’ ಅನ್ನೋ ಮಾತು ಜಾಸ್ತಿ ಕಾಣುತ್ತದೆ. ನೋಡುವವರು ಕಲಾಕೃತಿಯ ಒಳಗೇ ಓಡಾಡುವಂತೆ ಕಟ್ಟಿದ ಪ್ರದರ್ಶನಕ್ಕೆ ಈ ಹೆಸರು. ವಿಡಿಯೊ, ಸಂಗೀತ, ಮಾತು, ಬೆಳಕು, ಶಿಲ್ಪ ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಹಳೆಯ ಡಚ್ ಚಿತ್ರಕಾರ ವ್ಯಾನ್ ಗೋ ಅವರ ಚಿತ್ರಗಳನ್ನು ಪ್ರೊಜೆಕ್ಟರ್‌ನಿಂದ ಗೋಡೆಯ ಮೇಲೆಲ್ಲ ಹರಿಸಿದರೂ ಇದೇ ಹೆಸರು ಕೊಡುತ್ತಾರೆ. ಸೆಲ್ಫಿಗೆ ಅದು ಚೆನ್ನಾಗಿರುತ್ತದೆ, ಅಷ್ಟೇ. ಕಥೆಗೂ ಕೋಣೆಗೂ ನಿಜವಾದ ನಂಟು ಬೇಕು ಅಂದ್ರೆ ಬ್ರಿಟಿಷ್ ಕಲಾವಿದ, ಚಿತ್ರ ನಿರ್ದೇಶಕ ಐಸಾಕ್ ಜೂಲಿಯನ್ ಅವರ ಕೆಲಸ ನೋಡಬೇಕು.

ಜೂಲಿಯನ್ ಹುಟ್ಟಿದ್ದು ಲಂಡನ್‌ನಲ್ಲಿ, 1960ರಲ್ಲಿ. ಅಪ್ಪ ಅಮ್ಮ ಕೆರಿಬಿಯನ್‌ನ ಸೇಂಟ್ ಲೂಸಿಯಾದವರು. ಕಪ್ಪು ಜನರ ಚರಿತ್ರೆಯಲ್ಲಿ ಗೇ ಮತ್ತು ಕ್ವಿಯರ್ (ಗಂಡು-ಹೆಣ್ಣಿನ ರೂಢಿಯ ಚೌಕಟ್ಟಿಗೆ ಸಿಗದವರ) ಬದುಕು ಎಲ್ಲಿ ಮರೆಯಾಯಿತು ಅನ್ನೋದು ಅವರ ಹಳೆಯ ಪ್ರಶ್ನೆ. 1989ರಲ್ಲಿ ಅವರು ‘ಲುಕಿಂಗ್ ಫಾರ್ ಲ್ಯಾಂಗ್‌ಸ್ಟನ್’ ಎಂಬ ಕಪ್ಪು-ಬಿಳುಪು ಚಿತ್ರ ಮಾಡಿದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1920ರ ದಶಕದಲ್ಲಿ ಅರಳಿದ ಕಪ್ಪು ಕಲೆ, ಸಾಹಿತ್ಯ ಅದರ ವಸ್ತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಕವಿತೆಗಳ ಹಕ್ಕು ಇದ್ದವರು ತಕರಾರು ತೆಗೆದರು. ನ್ಯೂಯಾರ್ಕ್ ಪ್ರದರ್ಶನದಲ್ಲಿ ಹ್ಯೂಸ್ ಅವರ ಸಾಲುಗಳು ಬಂದಾಗ ಧ್ವನಿಯನ್ನೇ ತಗ್ಗಿಸಬೇಕಾಯಿತು. ಮರೆಮಾಚುವುದರ ಬಗ್ಗೆ ಮಾಡಿದ ಚಿತ್ರಕ್ಕೇ ಹೀಗಾಯಿತು ನೋಡಿ!

2022ರಲ್ಲಿ ಅವರು ಮತ್ತೆ ಅದೇ ಹಾರ್ಲೆಮ್ ಕಾಲಕ್ಕೆ ಹೋದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಬಾರ್ನ್ಸ್ ಫೌಂಡೇಶನ್ ಎಂಬ ಕಲಾ ಮ್ಯೂಸಿಯಂ ತನ್ನ ಶತಮಾನೋತ್ಸವಕ್ಕೆ ಮಾಡಿಸಿದ ಆ ಕೃತಿಯ ಹೆಸರು ‘ಒನ್ಸ್ ಅಗೇನ್... ಸ್ಟ್ಯಾಚೂಸ್ ನೆವರ್ ಡೈ’. ಒಟ್ಟು ಐದು ಪರದೆ, ಅರ್ಧ ಗಂಟೆಯ ಕಥೆ. ಮುಖ್ಯ ಪಾತ್ರ ಅಲೈನ್ ಲಾಕ್. ಅಮೆರಿಕದ ಕಪ್ಪು ಜನರಲ್ಲಿ ಮೊದಲ ರೋಡ್ಸ್ ಸ್ಕಾಲರ್ (ಆಕ್ಸ್‌ಫರ್ಡ್‌ನಲ್ಲಿ ಓದಲು ಸಿಗುವ ಹೆಸರಾಂತ ವಿದ್ಯಾರ್ಥಿವೇತನ ಪಡೆದವರು), ಹೊವಾರ್ಡ್ ವಿಶ್ವವಿದ್ಯಾಲಯದ ಮೇಷ್ಟ್ರು, ಹಾರ್ಲೆಮ್ ಬರಹಗಾರರನ್ನು ಒಟ್ಟು ಮಾಡಿದವರು. ಗೇ ಆಗಿದ್ದರು, ಆದರೆ ಆ ಕಾಲದಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಳ್ಳುವಂತಿರಲಿಲ್ಲ. ಆಫ್ರಿಕಾದ ಶಿಲ್ಪಗಳನ್ನು ಕೊಂಡು ತಂದ ಬಿಳಿಯ ಸಂಗ್ರಾಹಕ, ಇದೇ ಫೌಂಡೇಶನ್ ಕಟ್ಟಿದ ಆಲ್ಬರ್ಟ್ ಬಾರ್ನ್ಸ್ ಜೊತೆ ಲಾಕ್ ಅವರ ಮಾತುಕತೆ ಒಂದು ಕಡೆ. ಶಿಲ್ಪಿ ರಿಚ್ಮಂಡ್ ಬಾರ್ಥೆ ಜೊತೆಗಿನ ಸಲುಗೆ ಇನ್ನೊಂದು ಕಡೆ. 1989ರ ಚಿತ್ರದ ತುಣುಕುಗಳೂ ನಡುವೆ ಬರುತ್ತವೆ.

ಇದನ್ನು ಒಂದೇ ಪರದೆಯಲ್ಲಿ ತೋರಿಸಬಹುದಿತ್ತು, ಅಲ್ವಾ? ಆಗ ಯಾರನ್ನು ನೋಡಬೇಕು ಅಂತ ಎಡಿಟರ್ ತೀರ್ಮಾನಿಸುತ್ತಿದ್ದರು. ಇಲ್ಲಿ ನಾವೇ ಕತ್ತು ತಿರುಗಿಸಬೇಕು. ಒಂದು ಪರದೆಯಲ್ಲಿ ಲಾಕ್ ಮಾತಾಡುತ್ತಿದ್ದರೆ ಇನ್ನೊಂದರಲ್ಲಿ ಮರದ ಶಿಲ್ಪ, ಮತ್ತೊಂದರಲ್ಲಿ ಮೌನವಾಗಿ ಕೇಳುತ್ತಿರುವ ಮುಖ. ಒಂದನ್ನು ಹಿಡಿದರೆ ಇನ್ನೊಂದು ತಪ್ಪುತ್ತದೆ. ದಾಖಲೆಯಲ್ಲಿ ಅರ್ಧಂಬರ್ಧ ಉಳಿದ ಬದುಕುಗಳನ್ನು ಹೇಳಲು ಈ ರೀತಿಯೇ ಸರಿ ಅಂತ ನನಗನ್ನಿಸುತ್ತದೆ. 2024ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಎರಡು ವರ್ಷಕ್ಕೊಮ್ಮೆ ನಡೆಸುವ ಕಲಾ ಪ್ರದರ್ಶನ ವಿಟ್ನಿ ಬಿಯೆನಾಲೆಯಲ್ಲಿ ಬಾರ್ಥೆ ಅವರ ನಿಜವಾದ ಶಿಲ್ಪಗಳನ್ನೂ ಪರದೆಗಳ ಜೊತೆಗೇ ಇಟ್ಟಿದ್ದರು.

ಒಗ್ಗಟ್ಟು ಅನ್ನೋದು ಇಲ್ಲಿ ಘೋಷಣೆಯಾಗಿ ಬರುವುದಿಲ್ಲ. ಇವತ್ತಿನ ಒಬ್ಬ ಕಪ್ಪು ಗೇ ಕಲಾವಿದ ನೂರು ವರ್ಷ ಹಿಂದಿನ ತನ್ನವರನ್ನು ಹುಡುಕಿ ತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಒಂದು ತೊಂದರೆ ಮಾತ್ರ ಇದೆ. ಇಂಥದ್ದನ್ನು ನೋಡೋಕೆ ದೊಡ್ಡ ಮ್ಯೂಸಿಯಂಗೇ ಹೋಗಬೇಕು. ಫೋನಿನ ಪರದೆಯಲ್ಲಿ ಐದೂ ಸೇರಿ ಒಂದಾಗಿಬಿಡುತ್ತವೆ.