ಪದ ಪರಿಚಯ: ಗೇರ್‌ಬಾಕ್ಸ್ ಹೀಟ್

ಘಾಟಿ ಹತ್ತುವಾಗ ‘ಗಾಡಿ ಹೀಟಾಯ್ತು’ ಅಂದರೆ ಎಲ್ಲರೂ ಮೊದಲು ರೇಡಿಯೇಟರ್ ಕಡೆ ನೋಡುತ್ತಾರೆ. ಆಟೋಮ್ಯಾಟಿಕ್ ಕಾರಿನಲ್ಲಿ ಇಂಜಿನ್ ಸರಿಯಾಗೇ ಇದ್ದು, ಗೇರ್‌ಬಾಕ್ಸ್ ಒಂದೇ ಕಾದಿರಬಹುದು. ಮೀಟರಿನ ಟೆಂಪರೇಚರ್ ಮುಳ್ಳು ಹೇಳುವುದು ಕೂಲೆಂಟಿನ ಬಿಸಿ ಮಾತ್ರ. ಗೇರ್‌ಬಾಕ್ಸಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಅಲ್ಲಿ ಕಾಯುವುದು ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅನ್ನುವ ಗೇರ್‌ಬಾಕ್ಸ್ ಎಣ್ಣೆ. ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಅಂದರೆ ಎದುರುಬದುರು ಇಟ್ಟ ಎರಡು ಫ್ಯಾನು, ನಡುವೆ ಎಣ್ಣೆ ಅಂದುಕೊಳ್ಳಿ. ಇಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸ ಜಾಸ್ತಿಯಾದಷ್ಟೂ ಎಣ್ಣೆ ಸುಮ್ನೆ ಕಡೆದುಕೊಂಡು ಕಾಯುತ್ತದೆ. (ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ತಾನಾಗಿ ಬದಲಾಯಿಸುವ ಗಾಡಿಗೆ ಈ ಲೆಕ್ಕ ಬೇಡ. ಅದರಲ್ಲಿರುವುದು ಮಾಮೂಲಿ ಕ್ಲಚ್, ಸುಡುವುದೂ ಅದೇ.)

ನಾನು ಮಾಡಿದ ತಪ್ಪು ಕೇಳಿ. ಸೋಮೇಶ್ವರದಿಂದ ಆಗುಂಬೆಗೆ ಬರುವಾಗ ಪ್ರತಿ ತಿರುವಿನಲ್ಲೂ ಎದುರು ಬಸ್ಸು. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೇಲೇ ಗಾಡಿ ನಿಲ್ಲಿಸಿಕೊಳ್ಳುತ್ತಿದ್ದೆ. ಮೇಲೆ ಬರುವಷ್ಟರಲ್ಲಿ ಆರ್‌ಪಿಎಂ ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಗೇರ್ ಹಾಕಿದರೆ ಒಂದು ಕ್ಷಣ ತಡೆದು ದಡಕ್ ಅಂತ ಹಿಡಿಯುತ್ತಿತ್ತು.

ಶಿವಮೊಗ್ಗದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಗೇರ್‌ಬಾಕ್ಸ್ ಎಣ್ಣೆ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ, “ಮೂಸಿ ನೋಡಿ ಸಾರ್” ಅಂದರು. ಸೀದ ವಾಸನೆ. ಹೊಸ ಎಟಿಎಫ್ ಸಾಮಾನ್ಯವಾಗಿ ಮುರುಗಲು ಶರಬತ್ತಿನ ಹಾಗೆ ಕೆಂಪಗಿರುತ್ತದೆ. ನನ್ನದು ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೆ ಬಂದಿತ್ತು. ರೋಸ್ ಮಿಲ್ಕಿನ ಹಾಗಿದ್ದರೆ ಇನ್ನೂ ಕೆಟ್ಟದ್ದು, ಒಳಗೆ ಕೂಲೆಂಟ್ ಸೇರಿದೆ ಅಂತ ಅರ್ಥ. ಈಗಿನ ಎಷ್ಟೋ ಗಾಡಿಗಳಲ್ಲಿ ಈ ಡಿಪ್‌ಸ್ಟಿಕ್ಕೇ ಇಲ್ಲ. ಆಗ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿಯೇ ಎಣ್ಣೆಯ ಬಿಸಿ ನೋಡಬೇಕು. 80ರಿಂದ 95 ಡಿಗ್ರಿ ಸೆಲ್ಸಿಯಸ್ ಮಾಮೂಲಿ. 120 ದಾಟಿ ಹಾಗೇ ಓಡಿದರೆ ಎಣ್ಣೆ ಬೇಗ ಹಾಳಾಗುತ್ತದೆ.

ದಾರಿಯಲ್ಲೇ ಹೀಗಾದರೆ ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ‘ಪಿ’ಗೆ (ಪಾರ್ಕಿಂಗ್) ಹಾಕಿ. ಇಂಜಿನ್ ಮುಳ್ಳು ಸರಿಯಿದ್ದರೆ ಆಫ್ ಮಾಡಬೇಡಿ. ಎಣ್ಣೆಯನ್ನು ಕೂಲರಿಗೆ ಕಳಿಸುವ ಪಂಪ್ ಇಂಜಿನ್ನಿನಿಂದಲೇ ಓಡುವುದು ಅಲ್ವಾ?

ನನ್ನ ಗಾಡಿಯಲ್ಲಿ ಎಣ್ಣೆಯ ಮಟ್ಟವೇನೋ ಸರಿಯಿತ್ತು. ಆದರೆ ಮುಂದಿನ ಕೂಲರಿನ ಸಂದಿ ತುಂಬ ಊರಿನ ಕೆಮ್ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು. ಗಾಳಿಯೇ ಆಡುತ್ತಿರಲಿಲ್ಲ. ಪೈಪಿನಲ್ಲಿ ನೀರು ಬಿಟ್ಟಾಗ ಗ್ಯಾರೇಜಿನ ನೆಲವೆಲ್ಲ ಕೆಂಪಾಯಿತು.